ಟೋಪಿಯಿಲ್ಲದ ಬಿಷಪ್ಪರ ನಾಣ್ಯ

ನನ್ನ ಯಜಮಾನರು ವೋಲ್ರಾಡ್ ಬದುಕಿಡೀ ಕೆತ್ತಿದ್ದು ಬೆಳ್ಳಿ ನಾಣ್ಯದ ಅಚ್ಚು. ನಮ್ಮೂರ ಟಂಕಸಾಲೆ ಬಿಷಪ್ಪರದು, ದೊಡ್ಡ ಚರ್ಚಿನ ಹಿಂಬದಿಗೆ ಅಂಟಿಕೊಂಡೇ ಇತ್ತು. ನಮಗೆ ಕೊಟ್ಟ ಮನೆಯೂ ಅದೇ ಅಂಗಳದಲ್ಲಿ. ಪ್ರತಿ ವರ್ಷ ನಡುಬೇಸಿಗೆಯ ಯೋಹಾನರ ಹಬ್ಬಕ್ಕೆ ಹಳೆಯ ನಾಣ್ಯ ರದ್ದಾಗುತ್ತಿತ್ತು. ಜನ ಅದನ್ನು ತಂದು ಕೊಟ್ಟು ಹೊಸದು ಒಯ್ಯಬೇಕು; ಕೊಟ್ಟಷ್ಟು ಮಾತ್ರ ಕೈಗೆ ಬರುತ್ತಿರಲಿಲ್ಲ. ಬಿಷಪ್ಪರನ್ನು ಬೈಯುವ ಧೈರ್ಯ ಯಾರಿಗಿತ್ತು? ಬಾವಿಕಟ್ಟೆಯಲ್ಲಿ ನಾನು ಸಿಗುತ್ತಿದ್ದೆನಲ್ಲ.

"ಏನೇ ಲುಡ್‌ಗಾರ್ಡ್, ಈ ಸಲ ನಿನ್ನ ಗಂಡ ನಮ್ಮ ಬೆಳ್ಳಿ ಎಷ್ಟು ನುಂಗ್ತಾನೆ?"

"ನುಂಗಿದ್ರೆ ನಾನು ಹಿಂಗೆ ಕಡ್ಡಿ ಥರ ಇರ್ತಿದ್ನೇನೇ?" ಅಂತ ಕೊಡ ಎತ್ತಿಕೊಂಡು ಬರುತ್ತಿದ್ದೆ.

ನಮ್ಮ ಯಜಮಾನರು ಮಾತು ಕಡಿಮೆಯ ಮನುಷ್ಯ. ಕೆತ್ತುವಾಗ ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು ಕೂತರೆ ಬಟಾಣಿ ಗಂಜಿ ಆರಿ ಹೆಪ್ಪುಗಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಮೂವರು ಬಿಷಪ್ಪರನ್ನು ಕೆತ್ತಿದ್ದರು. ಮೂವರ ತಲೆಯ ಮೇಲೂ ಎರಡು ಮೊನೆಯ ಎತ್ತರದ ಟೋಪಿ. ಕೈಗೆ ಅದೇ ಅಭ್ಯಾಸವಾಗಿತ್ತು.

ಒಂದು ಚಳಿಗಾಲದಲ್ಲಿ ಮೂರನೆಯವರು ತೀರಿಕೊಂಡರು. ಹೊಸಬರನ್ನು ಆರಿಸಿದರೂ ಆರ್ಚ್‌ಬಿಷಪ್ಪರು ಮುನಿಸಿಕೊಂಡು ಅಭಿಷೇಕ ಮಾಡಲೇ ಇಲ್ಲ. ಅಭಿಷೇಕವಾಗದ ಬಿಷಪ್ಪರಿಗೆ ಟೋಪಿ ಸಲ್ಲದು, ನಾಣ್ಯದ ಮೇಲೂ ಸಲ್ಲದು. ನಮ್ಮ ಯಜಮಾನರಿಗೆ ಅದು ಗೊತ್ತಿತ್ತು. ಆದರೆ ಉಳಿಗೆ ಗೊತ್ತಿರಬೇಕಲ್ಲ! ಟಂಕಸಾಲೆ ನೋಡಿಕೊಳ್ಳುತ್ತಿದ್ದ ಪಾದ್ರಿ ಕೋನೆಮುಂಡ್ ಬಂದು ಅಚ್ಚನ್ನು ಮೇಣಕ್ಕೆ ಒತ್ತಿ ನೋಡಿದರು.

"ಇದೇನಯ್ಯಾ ಇದು? ಆರ್ಚ್‌ಬಿಷಪ್ಪರು ಹಾಕದ ಟೋಪಿ ನೀನು ಹಾಕಿಬಿಟ್ಯಾ?"

ಕಬ್ಬಿಣದಲ್ಲಿ ತೋಡಿದ್ದನ್ನು ತುಂಬಲಾಗದು. ಹೊಸ ಅಚ್ಚು ತೆಗೆಯೋಣವೆಂದರೆ ಹಬ್ಬ ಹತ್ತಿರ ಬಂದಿತ್ತು.

"ಹಬ್ಬ ಸ್ವಲ್ಪ ಕಳೀಲಿ ಸ್ವಾಮಿ..." ಅಂತ ನಾನೇ ಬಾಯಿ ಹಾಕಿದೆ.

"ಹಬ್ಬದ ದಿನ ಅಂದ್ರೆ ಹಬ್ಬದ ದಿನ ಕಣಮ್ಮ. ಇವನ ಕೈಲಾಗಲ್ಲ ಅಂದ್ರೆ ಬೇರೆಯವನನ್ನ ಕರೆಸ್ತೀವಿ. ಅವನಿಗೆ ಈ ಮನೆ ಬೇಕಾಗುತ್ತೆ."

ಬೇರೆ ಮನೆ ನಮಗೆಲ್ಲಿತ್ತು? ಇವರು ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಟೋಪಿಯ ಎರಡು ಮೊನೆಗಳನ್ನೇ ಇನ್ನೂ ಅಗಲಕ್ಕೆ, ಮೇಲಕ್ಕೆ ತೋಡುತ್ತಾ ಹೋದರು. ಒಂದೊಂದು ಮೊನೆಯೂ ಒಂದೊಂದು ಗೋಪುರವಾಯಿತು. ಕಿಟಕಿ ಬಂತು, ಹೆಂಚು ಬಂತು, ಶಿಲುಬೆ ಬಂತು. ಕೊನೆಗೆ ನಮ್ಮ ಚರ್ಚೇ ಬಿಷಪ್ಪರ ಹಿಂದೆ ಎದ್ದು ನಿಂತಿತ್ತು, ಮುಂದೆ ಅವರು ಬರಿತಲೆಯಲ್ಲಿ.

"ಚರ್ಚನ್ನ ಹುಲ್ಲಿನ ಹೊರೆ ಥರ ಹೊತ್ಕೊಂಡಿದಾರಲ್ರೀ!" ಅಂದೆ. ಇವರು ನಕ್ಕುಬಿಟ್ಟರು, ಎಷ್ಟೋ ಕಾಲದ ಮೇಲೆ. ಹಾಳೆಯಂಥ ತೆಳು ಬೆಳ್ಳಿಯಲ್ಲಿ ಆ ಗೋಪುರಗಳು ಎಷ್ಟು ಚೆನ್ನಾಗಿ ಎದ್ದು ಬಂದವೆಂದರೆ, ಅಷ್ಟು ಸೊಗಸಾದದ್ದನ್ನು ಇವರು ಮುಂಚೆಯೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಹಬ್ಬಕ್ಕೆ ಬೇಕಾದ ನಾಣ್ಯವೆಲ್ಲ ಸಿದ್ಧವಾಯಿತು.

ಹಬ್ಬದ ಹಿಂದಿನ ದಿನ ಕೋನೆಮುಂಡ್ ಉಬ್ಬಸಪಡುತ್ತ ಓಡಿ ಬಂದರು.

"ರಾಜಿಯಾಯ್ತು! ಅಭಿಷೇಕ ಆಗೋಯ್ತು! ಇದನ್ನೆಲ್ಲ ಕರಗಿಸು ವೋಲ್ರಾಡ್, ಟೋಪಿ ಹಾಕಿದ್ದು ಬೇಕು."

"ನಾಳೆ ಹಬ್ಬ ಅಲ್ವಾ ಸ್ವಾಮಿ?" ಅಂದರು ಇವರು.

"ಇರ್ಲಿ ಬಿಡು. ನಾಣ್ಯ ಬದಲಾಯಿಸೋದನ್ನ ಸುಗ್ಗಿ ಆದ್ಮೇಲೆ ಇಟ್ಕೊಳ್ಳೋಣ."

ನನಗೆ ಮೈಯೆಲ್ಲ ಉರಿದುಹೋಯಿತು. "ಮುಂದಕ್ಕೆ ಹಾಕೋ ಹಾಗಿದ್ರೆ ಆವತ್ತೇ ಹಾಕಬಹುದಿತ್ತಲ್ಲ?"

"ಆವತ್ತು ಬಿಷಪ್ಪರು ಹೇಳಿರಲಿಲ್ಲವಲ್ಲಮ್ಮ," ಅಂದರು, ಹಸುಗೂಸಿನ ಹಾಗೆ.

ಇವರು ಏನಾದರೂ ಅಂದಾರು, ಸುತ್ತಿಗೆಯನ್ನಾದರೂ ಎಸೆದಾರು ಅಂತ ಕಾದೆ. ಇವರೋ ನಾಣ್ಯವನ್ನೆಲ್ಲ ತಾವೇ ಮೂಸೆಗೆ ಸುರಿದು ತಾವೇ ತಿದಿ ಒತ್ತಿದರು. ಗೋಪುರಗಳೆಲ್ಲ ಕರಗಿ ಒಂದು ಮುದ್ದೆಯಾದವು. ಮರುದಿನ ಊರು ಹಬ್ಬ ಮಾಡುತ್ತಿದ್ದರೆ ಇವರು ಹೊಸ ಕಬ್ಬಿಣ ಉಜ್ಜುತ್ತಾ ಕೂತಿದ್ದರು.

ಮನೆಯೇನೋ ಉಳಿಯಿತು. ಸುಗ್ಗಿಯವರೆಗೆ ನಾನು ಇವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಸಿಟ್ಟು ಇವರ ಮೇಲಲ್ಲ ಅಂತ ಗೊತ್ತಿತ್ತು. ಕೋನೆಮುಂಡರ ಜೊತೆ ಮಾತು ಬಿಡೋಣವೆಂದರೆ, ಬಿಟ್ಟಿದ್ದೇನೆ ಅನ್ನುವುದು ಅವರಿಗೆ ತಿಳಿಯಬೇಕಲ್ಲ!