ನಿದ್ದೆ ಹೋಗದ ಕಾರು

ಬಂಟ್ವಾಳದಲ್ಲಿ ಕಾರಿನ ವಯರಿಂಗ್ ಕೆಲಸ ಮಾಡುವ ಅಬ್ದುಲ್ ಹಕೀಂ ಅವರಿಗೆ ಅರವತ್ತು ದಾಟಿದೆ. ಸೊಂಟ ಹಿಡಿಯುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ, ಬಾಗಿದರೆ ಏಳಲು ಕಾರನ್ನೇ ಹಿಡಿಯಬೇಕು. ಇನ್ನು ಸಾಕು ಎಂದು ದಿನಾ ಹೇಳುತ್ತಾರೆ. ಮರುದಿನ ಎಂಟಕ್ಕೆ ಅಂಗಡಿ ತೆರೆದಿರುತ್ತದೆ. ಇವರ ಮಾತು ನಂಬುವವರುಂಟೇ ಎಂದು ಎದುರಂಗಡಿಯ ನಾನು ಕೆಣಕುತ್ತೇನೆ.

ಗಿರಾಕಿ ಸಾಲಿಹಾ ಎಂಬವಳ ಕಾರು ಮಾತ್ರ ಅವರನ್ನು ನಿಜಕ್ಕೂ ಸುಸ್ತು ಮಾಡಿತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅವಳು ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಉಳಿದ ದಿನ ಕಾರು ಅಂಗಳದಲ್ಲೇ. ಹೊರಡುವಾಗ ನೋಡಿದರೆ ಬ್ಯಾಟರಿ ಸತ್ತಿರುತ್ತಿತ್ತು. ಹೊಸತು ಹಾಕಿದರೂ ಅದೇ ಕತೆ. ಕಳೆದ ಶುಕ್ರವಾರ ರಿಕ್ಷಾ ಸಿಗದೆ ಸರದಿ ತಪ್ಪಿ, ಆ ತಾಯಿ ಮರುದಿನದವರೆಗೆ ಏದುಸಿರು ಬಿಡುತ್ತಾ ಕುಳಿತಿದ್ದರು.

ಉಳಿದ ಮೆಕ್ಯಾನಿಕ್‌ಗಳು ಬಂದ ಕೂಡಲೇ ಫ್ಯೂಸ್ ಕೀಳುತ್ತಾರೆ. ಹಕೀಂ ಬ್ಯಾಟರಿಯ ಒಂದು ತಂತಿ ಬಿಚ್ಚಿ, ನಡುವೆ ಮೀಟರ್ ಜೋಡಿಸಿ, ಅದನ್ನು ಹೊರಗಿಟ್ಟು ಬಾನೆಟ್ ಇಳಿಸುತ್ತಾರೆ. ಆಮೇಲೆ ಒಳಗಿನ ಯಂತ್ರಗಳೆಲ್ಲ ಆರಿ ಕಾರು ನಿದ್ದೆ ಹೋಗಲಿ ಎಂದು ಮುಕ್ಕಾಲು ಗಂಟೆ ಕುರ್ಚಿಯಲ್ಲಿ ಕಾಯುತ್ತಾರೆ. ಆಗಲೂ ಕರೆಂಟ್ ಹೋಗುತ್ತಿದ್ದರೆ ಕಳ್ಳ ಒಳಗಿದ್ದಾನೆ ಎಂದರ್ಥ. ಸಾಲಿಹಾಳ ಅಂಗಳದಲ್ಲಿ ಎರಡು ಬೆಳಿಗ್ಗೆ ಹೀಗೆ ಕಾದರು, ಕಳ್ಳ ಸಿಗಲಿಲ್ಲ. ಕಾಕನಿಗೆ ವಯಸ್ಸಾಯಿತು ಎಂದು ಸಾಲಿಹಾ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಹೇಳಿದಷ್ಟೇ ಅವರಿಗೆ ನೋವಾಯಿತು.

ಮೂರನೆಯ ಸಲ ಸೋಮವಾರ ಮಧ್ಯಾಹ್ನದ ಮೇಲೆ ಹೋದರು. ಮೂರೂವರೆಗೆ ಮೀಟರಿನ ಅಂಕಿ ಒಮ್ಮೆಲೇ ಏರಿತು. ಯಾರೂ ಕಾರು ಮುಟ್ಟಿರಲಿಲ್ಲ. ತಲೆಯೆತ್ತಿದರೆ ಗಾಜಿನ ಹಿಂದೆ ಕ್ಯಾಮರಾದ ನೀಲಿ ದೀಪ. ಅಪಘಾತವಾದರೆ ಸಾಕ್ಷಿಗಿರಲಿ ಎಂದು ಸೌದಿಯ ದಮ್ಮಾಮಿನಲ್ಲಿ ದುಡಿಯುವ ಸಾಲಿಹಾಳ ಗಂಡ ಉಸ್ಮಾನ್ ರಜೆಗೆ ಬಂದಾಗ ತಂದು, ನೇರ ಬ್ಯಾಟರಿಗೇ ತಂತಿ ಕೊಟ್ಟು ಕೂರಿಸಿದ್ದು. ಒಳಗೊಂದು ಸಿಮ್ಮೂ ಇತ್ತು; ಎಲ್ಲಿಂದ ಬೇಕಾದರೂ ಫೋನಿನಲ್ಲಿ ಅಂಗಳ ನೋಡಬಹುದು.

ಹಕೀಂ ಸಾಲಿಹಾಳಿಂದ ನಂಬರು ಪಡೆದು ಫೋನ್ ಮಾಡಿದರು.

"ಅಂಗಳದಲ್ಲಿ ನಾನು ಕಾಣ್ತಾ ಇದ್ದೇನಾ ಉಸ್ಮಾನ್?"

ಉಸ್ಮಾನ್ ಒಪ್ಪಿಕೊಂಡ. ಊಟದ ಬಿಡುವಿನಲ್ಲಿ ನೋಡುತ್ತಾನಂತೆ. ರಾತ್ರಿಯೂ ನೋಡುತ್ತಾ, ಫೋನ್ ಹಾಗೇ ತೆರೆದಿಟ್ಟು ಮಲಗಿಬಿಡುತ್ತಾನಂತೆ. ಹೆಂಡತಿಗೆ ಹೇಳಿದರೆ, ತನ್ನ ಮೇಲೆ ಕಾವಲಿಟ್ಟಿದ್ದಾನೆ ಅಂದುಕೊಂಡಾಳೆಂಬ ಹೆದರಿಕೆ. ಅತ್ತೆಯ ಸರದಿ ತಪ್ಪಿದ್ದು ಇದರಿಂದಲೇ ಎಂದು ತಿಳಿದಾಗ ಅವರು ಈಗ ಹೇಗಿದ್ದಾರೆಂದು ಎರಡೆರಡು ಸಲ ಕೇಳಿದ.

ಹಕೀಂ ಬೈಯಬೇಕೆಂದೇ ಫೋನ್ ಮಾಡಿದ್ದರು. ಆದರೆ ಅವರೂ ಹದಿನೇಳು ವರ್ಷ ಅದೇ ದಮ್ಮಾಮಿನ ಒಂದು ಗ್ಯಾರೇಜಿನಲ್ಲಿ ದುಡಿದವರು. ಮೊದಲ ರಜೆಗೆ ಬಂದಾಗ ಅವರ ಮಗಳು ರಿಫಾ ಯಾರೋ ಬಂದರೆಂದು ಬಾಗಿಲ ಹಿಂದೆ ಅಡಗಿದ್ದಳು. ಕ್ಯಾಮರಾ ತೆಗೆಯಲೇಬೇಕು ಎಂದಷ್ಟೇ ಹೇಳಿದರು.

"ತೆಗೀರಿ ಕಾಕ," ಎಂದ ಉಸ್ಮಾನ್. "ಹತ್ತು ನಿಮಿಷ ಬಿಟ್ಟು ತೆಗೀರಿ. ಆಫ್ರಾ ಶಾಲೆಯಿಂದ ಬರುವ ಹೊತ್ತು."

ಹಕೀಂ ಕಟ್ಟರ್ ಹಿಡಿದು ಕಾದರು. ಗೇಟಿನ ಸದ್ದಾಯಿತು. ಉಸ್ಮಾನನ ಏಳು ವರ್ಷದ ಮಗಳು ಆಫ್ರಾ ಚೀಲ ಎಳೆಯುತ್ತಾ ಅಂಗಳ ದಾಟಿ, ಕಾರಿನ ಕಡೆ ನೋಡದೆ ಒಳಗೆ ಹೋದಳು. ಮೀಟರಿನ ಅಂಕಿ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕ್ಯಾಮರಾದ ನೀಲಿ ದೀಪ ಆರಿತು, ಅಂಕಿ ತಾನಾಗಿಯೇ ಇಳಿಯಿತು.

ಅದು ಇಳಿದ ಮೇಲೆಯೇ ಅವರು ಬಾನೆಟ್ ಎತ್ತಿ ತಂತಿ ಕತ್ತರಿಸಿದರು.