ನೀರಿಲ್ಲ ಎಂದು ಹೇಳಿದ ಪಾಯಿಂಟಪ್ಪ

ಸುಲಿದ ತೆಂಗಿನಕಾಯಿಯೊಂದನ್ನು ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಬರಿಗಾಲಲ್ಲಿ, ಅರೆಗಣ್ಣು ಮುಚ್ಚಿ ಹೊಲದ ತುಂಬ ನಡೆಯುತ್ತಿದ್ದರು ಹನುಮಂತರಾಯಪ್ಪನವರು. ಕೆಳಗೆ ನೀರಿದ್ದರೆ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೆ ಎಂಬುದು ನಂಬಿಕೆ. ನಿಂತ ಜಾಗಕ್ಕೊಂದು ಕಲ್ಲಿಟ್ಟು, ಕುಂಕುಮ ಹಚ್ಚಿ, "ಇಲ್ಲಿ ಹೊಡೆಸಿ" ಎಂದು ಹೇಳಿ ಹೊರಟುಬಿಡುವರು. ಬೋರ್‌ವೆಲ್ಲಿಗೆ ಪಾಯಿಂಟ್ ಮಾಡುವುದೆಂದರೆ ನಮ್ಮ ಕಡೆ ಇದೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಅರ್ಧ ಜನಕ್ಕೆ ಅವರ ಹೆಸರೇ ಮರೆತುಹೋಗಿ ಪಾಯಿಂಟಪ್ಪ ಎಂದಾಗಿತ್ತು.

ಕಾಯಿ ನಿಜಕ್ಕೂ ಏಳುತ್ತಿತ್ತೇ? "ಕಾಯಿ ಎಲ್ಲೇಳ್ತದೆ, ಅವನ ಹೆಬ್ಬೆರಳು ಏಳಿಸ್ತದೆ" ಎನ್ನುತ್ತಿದ್ದರು ನಮ್ಮತ್ತೆ ಪುಟ್ಟಮ್ಮ. ನಾನು ಅಂಗನವಾಡಿ ಟೀಚರ್. ನಿದ್ದೆ ಬಂದವರಂತೆ ನಟಿಸುವ ಮಕ್ಕಳನ್ನು ದಿನಾ ನೋಡುವವಳಿಗೆ ಆ ಹೆಬ್ಬೆರಳಿನ ಮೇಲೆ ಗುಮಾನಿ ಬಾರದಿರುತ್ತದೆಯೇ? ಆದರೂ ನಮ್ಮ ಹೆಂಗಸರ ಸಂಘಕ್ಕೆ ಜಮೀನು ಸಿಕ್ಕಾಗ ನಾವೂ ಅವರನ್ನೇ ಕರೆಸಿದೆವು.

ಜಮೀನು ಎಂದರೆ ಘಾಟಿ ರಸ್ತೆ ಬದಿಯ ಎರಡು ಎಕರೆ ಕಲ್ಲು ದಿಬ್ಬ. ಊರ ದೇವಸ್ಥಾನದ್ದು. ದೇವಸ್ಥಾನದ ಯಜಮಾನರು ಅದನ್ನು ಕೊಡುವಾಗ ಒಂದು ಷರತ್ತು ಹಾಕಿದ್ದರು: ನಾಲ್ಕು ವರ್ಷದೊಳಗೆ ಹಣ್ಣು ತೋರಿಸಿದರೆ ಜಮೀನು ಸಂಘದ ಕೈಯಲ್ಲೇ ಉಳಿಯುತ್ತದೆ, ಇಲ್ಲವಾದರೆ ನೀಲಗಿರಿ ಹಾಕಿಸುತ್ತಾರೆ. ಸಂಘದಲ್ಲಿ ಹೆಚ್ಚಿನವರಿಗೆ ಹಿತ್ತಲಿನಷ್ಟೂ ಸ್ವಂತ ನೆಲವಿರಲಿಲ್ಲ. ಅವರಲ್ಲಿ ರತ್ನಮ್ಮ ಒಬ್ಬಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಒಂದು ಕಾಲು ಸೊರಗಿದೆ, ಕೋಲೂರಿಕೊಂಡು ನಡೆಯುತ್ತಾಳೆ. ಕೂಲಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಜಮೀನು ಸಿಕ್ಕಿತೆಂದಾಗ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿ ಬಂಡೆಯ ಮೇಲೆ ಕೂತಿದ್ದವಳು ಅವಳೇ.

ಪಾಯಿಂಟಪ್ಪನವರು ಬಂದರು. ನಡೆದರು, ಮತ್ತೆ ನಡೆದರು. ಕಾಯಿ ಅಂಗೈ ಮೇಲೆ ಬಾಣಂತಿಯ ಹಾಗೆ ಮಲಗೇ ಇತ್ತು. ಪೂಜೆಗೆ ಊದುಬತ್ತಿ ಹಚ್ಚಿಕೊಂಡು ನಿಂತಿದ್ದ ನಮ್ಮ ಮುಖ ನೋಡಲಾರದೆ ಅವರು ಆಕಾಶ ನೋಡಿದರು.

"ನೀರಿಲ್ಲ ಕಣ್ರಮ್ಮ. ಸಾವಿರ ಅಡಿ ಹೊಡೆಸಿದ್ರೂ ಧೂಳೇ."

"ಸರಿಯಾಗಿ ನೋಡಣ್ಣ" ಎಂದಳು ರತ್ನಮ್ಮ.

"ನಿಮ್ಮ ಸಮಾಧಾನಕ್ಕೆ ಕಾಯಿ ಏಳಿಸೋದು ನಂಗೇನು ಕಷ್ಟ ಅಲ್ಲ, ತಾಯಿ" ಎಂದರು ಅವರು. ಅತ್ತೆ ನನ್ನ ಪಕ್ಕೆಗೆ ತಿವಿದರು. ಅವರ ಗುಮಾನಿಗೆ ಅಷ್ಟು ಸಾಕಾಗಿತ್ತು.

ಅಲ್ಲಿಗೆ ಪಾಯಿಂಟಪ್ಪನವರ ಕೆಲಸ ಮುಗಿಯಬೇಕಿತ್ತು. ಆದರೆ ಮಾರನೆಯ ದಿನ ಬೆಳಗ್ಗೆ ಅವರ ಹಳೇ ಟಿವಿಎಸ್ ಕೆಮ್ಮುತ್ತಾ ದಿಬ್ಬ ಹತ್ತಿತು. ಹಿಂದೆ ಗುದ್ದಲಿ ಕಟ್ಟಿತ್ತು. "ನೀರಿಲ್ಲ ಅಂತ ಹೇಳ್ಬಿಟ್ಟು ಹೊಂಟೋದ್ರೆ ಅದು ಮಾತಾ?" ಎಂದರು. "ಕಾಯಿ ಏಳದ ಜಾಗದಾಗೆ ಏನೇನು ಎದ್ದು ನಿಂತಿರ್ತದೆ ಅಂತ ಇಷ್ಟು ವರ್ಷ ನೋಡ್ಕಂಡು ಬಂದಿವ್ನಿ. ನೇರಳೆ ನಿಂತದೆ, ಸೀತಾಫಲ ನಿಂತದೆ. ನಲ್ಲೂರಾಗಿರೋ ಆ ಹಳೇಕಾಲದ ಹುಣಸೆ ತೋಪಿಗೆ ಯಾವನಮ್ಮ ಪಾಯಿಂಟ್ ಮಾಡ್ಕೊಟ್ಟಿದ್ದ?"

ಜಂಬಕ್ಕೇನೂ ಕಡಿಮೆಯಿರಲಿಲ್ಲ ಮಹಾರಾಯರಿಗೆ. ಮಳೆ ಬಂದರೆ "ನಾನೇಳಿರ್ಲಿಲ್ವಾ" ಎನ್ನುವರು, ಬಾರದಿದ್ದರೂ ಅದನ್ನೇ ಎನ್ನುವರು. ಆದರೆ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸುವಾಗ, ಗುಂಡಿಗೆ ತರಗು ತುಂಬಿಸುವಾಗ ಅವರಷ್ಟು ಮಣ್ಣಾದವರು ಇನ್ನೊಬ್ಬರಿಲ್ಲ. ಯಾರಿಗೆ ಯಾವ ಸಾಲು ಎಂದು ನಾವು ಜಗಳಕ್ಕೆ ನಿಂತಾಗ, "ಆಕಾಶ ನೋಡೋಕೂ ನೂಕುನುಗ್ಗಲಾ? ಬೀಳೋ ಮಳೆ ಎಲ್ಲರ ಸಾಲಿಗೂ ಒಂದೇ" ಎಂದು ಬಾಯಿ ಮುಚ್ಚಿಸಿದರು.

ಅವರು ಹಾಕಿದ ಒಂದು ಕಟ್ಟಳೆ ಮಾತ್ರ ಯಾರಿಗೂ ಹಿಡಿಸಲಿಲ್ಲ. ಕಸಿ ನೇರಳೆ, ಸೀತಾಫಲ, ನೆಲ್ಲಿ ನೆಟ್ಟು ನೀರು ಮೆಲ್ಲಗೆ ಬೇರಿಗೆ ಜಿನುಗಲೆಂದು ಪ್ರತಿ ಗಿಡದ ಬುಡದಲ್ಲೂ ಒಂದು ಮಣ್ಣಿನ ಕುಡಿಕೆ ಹೂತ ಮೇಲೆ ರತ್ನಮ್ಮನನ್ನು ಕರೆದು, ದಿಬ್ಬದ ಕೆಳಗೆ ಮಳೆನೀರು ನಿಲ್ಲುವ ಕುಂಟೆಯಿಂದ ಎಷ್ಟು ನೀರು ತರಬಲ್ಲೆ ಎಂದು ಕೇಳಿದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೊಂಬು. ಅವಳಿಗಾಗುವುದು ಅಷ್ಟೇ.

"ಹಂಗಾರೆ ಚೊಂಬೇ ಲೆಕ್ಕ. ಒಂದು ಗಿಡಕ್ಕೆ ಒಂದು ಸರ್ತಿಗೆ ಒಂದೇ ಚೊಂಬು. ಯಾರೂ ಜಾಸ್ತಿ ಹುಯ್ಯಂಗಿಲ್ಲ."

"ನಮಗೇನು ಕೈಕಾಲು ಬಿದ್ದೋಗವಾ?" ಎಂದು ಅತ್ತೆ ರೇಗಿದರು. ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡ ಹೊರುವ ಜೀವ ಅದು.

"ಬಿದ್ದಿಲ್ಲ ಪುಟ್ಟಮ್ಮ. ಆದ್ರೆ ರತ್ನಮ್ಮನ ಕೈಯಾಗೆ ಬದುಕೋ ಗಿಡ ಎಲ್ಲರ ಕೈಯಾಗೂ ಬದುಕ್ತದೆ. ನಿನ್ನ ಕೈಯಾಗೆ ಬದುಕೋ ಗಿಡ ನಿನ್ನ ಸೊಂಟ ಗಟ್ಟಿ ಇರೋಗಂಟ ಅಷ್ಟೇ."

ಅತ್ತೆ ಬಾಯಿ ಮುಚ್ಚಿದರು, ಕೈ ಕಟ್ಟಲಿಲ್ಲ. ಒಂದು ವರ್ಷ ಕಳೆಯುವುದರಲ್ಲಿ ಅವರ ಸಾಲಿನ ಗಿಡಗಳು ಮೊಳಕಾಲು ದಾಟಿ ಎದೆಮಟ್ಟಕ್ಕೆ ಬಂದವು. ರತ್ನಮ್ಮನವು ಇನ್ನೂ ಗಿಡ್ಡಗೆ, ಮುನಿಸಿಕೊಂಡ ಮಕ್ಕಳ ಹಾಗೆ ನಿಂತಿದ್ದವು. "ಕೈಗುಣ" ಎಂದು ಅತ್ತೆ ಊರಿಡೀ ಹೇಳಿಕೊಂಡು ಬಂದರು. ರತ್ನಮ್ಮ ಒಂದು ದಿನ ನನ್ನ ಹತ್ತಿರ, "ನನ್ನಿಂದ್ಲೇ ಜಮೀನು ಹೋಗ್ಬಿಡ್ತದೇನೋ ಟೀಚರೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನನಗೂ ಭಯವಾಗಿತ್ತು.

ಎರಡನೆಯ ಬೇಸಿಗೆಗೆ ಕುಂಟೆ ಒಣಗಿತು. ನೀರಿಗೆ ಊರ ನಲ್ಲಿಯೇ ಗತಿ, ಗಿಡಕ್ಕೊಂದು ಚೊಂಬು ಸಿಕ್ಕರೆ ಹೆಚ್ಚು. ಒಂದು ವಾರದಲ್ಲಿ ಅತ್ತೆಯ ಸಾಲು ಬಾಡಿ ಜೋತುಬಿತ್ತು. ರತ್ನಮ್ಮನ ಗಿಡ್ಡ ಗಿಡಗಳು ಎಲೆ ಕೂಡ ಅಲ್ಲಾಡಿಸಲಿಲ್ಲ. ಪಾಯಿಂಟಪ್ಪನವರು ಸಾಲಿನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, "ಯಾರೋ ಕದ್ದು ಕೊಡಗಟ್ಲೆ ನೀರು ಕುಡಿಸವ್ರೆ" ಎಂದರು, ಯಾರ ಹೆಸರನ್ನೂ ಹೇಳದೆ.

"ನಾನೇನು ಕತ್ತಲಾದ ಮೇಲೆ ಬಂದಿದ್ನಾ?" ಎಂದರು ಅತ್ತೆ ತಟ್ಟನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಎಲ್ಲರೂ ನಕ್ಕೆವು. ಪಾಯಿಂಟಪ್ಪನವರು ನಗದೆ ನನ್ನ ಕಡೆ ತಿರುಗಿದರು. "ಟೀಚರಮ್ಮ, ಹುಡುಗ್ರಿಗೆ ಬಿಸ್ಕತ್ತು ಕೊಟ್ಮೇಲೆ ಮುದ್ದೆ ಮುಟ್ತವಾ? ಮೇಲೇ ನೀರು ಸಿಕ್ತಿದ್ರೆ ಬೇರು ಯಾಕಮ್ಮ ಕೆಳಗಿಳೀತದೆ?" ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಸಂಜೆ ನಮ್ಮ ಮನೆಯಲ್ಲಿ ಕಾಲ ನನ್ನದಾಗಿತ್ತು. ಸತ್ತ ಗಿಡಗಳ ಜಾಗಕ್ಕೆ ಮಳೆಗಾಲದಲ್ಲಿ ಹೊಸ ಸಸಿ ಬಂದಾಗ ಅತ್ತೆ ರತ್ನಮ್ಮನ ಮನೆಗೆ ಹೋಗಿ, ಅವಳದೇ ಚೊಂಬನ್ನು ಕೇಳಿ ತಂದರು. ಇದು ಸೋಲಲ್ಲ, ಅಳತೆ ತಪ್ಪಬಾರದಷ್ಟೇ ಎಂಬುದು ಅವರ ವಾದ.

ಮೂರನೆಯ ವರ್ಷ ಪಾಯಿಂಟಪ್ಪನವರ ಮಂಡಿ ಕೈಕೊಟ್ಟಿತು. ಮಗಳು ಮಂಜುಳಾ ಹೊಸಕೋಟೆಯ ತನ್ನ ಮನೆಗೆ ಕರೆದುಕೊಂಡು ಹೋಗಲು ಬಂದಳು. ಹೊರಡುವ ಮೊದಲು ಆಟೋ ನಿಲ್ಲಿಸಿ ದಿಬ್ಬದ ಕಡೆ ನೋಡುತ್ತ ಕೂತರು. "ಎಷ್ಟೋ ಊರಾಗೆ ಪಾಯಿಂಟ್ ಮಾಡಿವ್ನಿ ಕಣಮ್ಮ. ನೀರು ನಿಂತ್ತಾ, ಹೋಯ್ತಾ ಅಂತ ಯಾವೂರಿಗೂ ತಿರುಗಿ ಹೋಗಿ ನೋಡ್ಲಿಲ್ಲ. ಹೆದರ್ಕೆ. ಇದೊಂದು ಕಡೆ ಮಾತ್ರ ನೋಡ್ತಾನೇ ಇರ್ಬೇಕು ಅನ್ಸ್ತದೆ" ಎಂದರು. ನಾವು ಅವರ ಮಾತನ್ನು ಎದುರಿಗೆ ಕೇಳಿದ್ದು ಅದೇ ಕೊನೆ.

ಅಲ್ಲಿಂದ ವಾರಕ್ಕೊಮ್ಮೆಯಾದರೂ ರತ್ನಮ್ಮನಿಗೆ ಫೋನ್ ಮಾಡುತ್ತಿದ್ದರು. ನಾಲ್ಕನೆಯ ವರ್ಷ ಅವಳ ನೇರಳೆ ಹೂ ಬಿಟ್ಟಿತೆಂದಾಗ, "ಹೂವಿಗೆ ಯಾವನು ಜಮೀನು ಕೊಡ್ತಾನೆ? ಹಣ್ಣಾದ್ಮೇಲೆ ಹೇಳು" ಎಂದರಂತೆ.

ಹಣ್ಣಾಯಿತು. ಮುಂಗಾರು ಶುರುವಾದ ಒಂದು ಬೆಳಗ್ಗೆ ಯಜಮಾನರೇ ದಿಬ್ಬಕ್ಕೆ ಬಂದು, ರತ್ನಮ್ಮನ ಗಿಡದಿಂದ ಕಿತ್ತು ತಿಂದು, ಬೀಜ ಉಗುಳಿ, "ಆಯ್ತು, ಇಟ್ಕಳ್ರಮ್ಮ" ಎಂದರು. ನಾವೆಲ್ಲ ಮಕ್ಕಳಿಗಿಂತ ಕಡೆಯಾಗಿ ಗಿಡಕ್ಕೆ ಮುಗಿಬಿದ್ದೆವು. ರತ್ನಮ್ಮ ಬಾಯಿ ತುಂಬ ಹಣ್ಣಿಟ್ಟುಕೊಂಡೇ ಪಾಯಿಂಟಪ್ಪನವರಿಗೆ ಫೋನ್ ಮಾಡಿದಳು. ಎತ್ತಿದ್ದು ಮಂಜುಳಾ. ಅಪ್ಪ ಬೆಳಗಿನ ಜಾವ ತೀರಿಹೋದರು ಎಂದಳು. ಹಣ್ಣಿನ ಸುದ್ದಿ ಹೇಳದೆಯೇ ರತ್ನಮ್ಮ ಫೋನ್ ಕೆಳಗಿಟ್ಟಳು.

ಸಿಕ್ಕ ಟೆಂಪೋ ಹತ್ತಿ ಹೊಸಕೋಟೆಗೆ ಹೊರಟೆವು. ದಾರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡಾಗಲೇ ಗೊತ್ತಾದದ್ದು: ಎಲ್ಲರ ತುಟಿ, ಹಲ್ಲು, ನಾಲಗೆ ಕಡುನೇರಳೆ. ಸೆರಗಿನಿಂದ ಎಷ್ಟು ಉಜ್ಜಿದರೂ ಹೋಗಲಿಲ್ಲ. "ಸಾವಿನ ಮನೆಗೆ ಹಬ್ಬ ಮಾಡ್ಕಂಡು ಬಂದವ್ರೆ ಅಂದ್ಕತಾರೆ, ಬಾಯಿ ಬಿಡ್ಬೇಡಿ" ಎಂದು ಅತ್ತೆ ಎಚ್ಚರಿಸಿದರು.

ಬಾಯಿ ಬಿಗಿದುಕೊಂಡೇ ಒಳಗೆ ಹೋದೆವು. ಆದರೆ ಅವರ ಮುಖ ಕಂಡದ್ದೇ ತಡ, ರತ್ನಮ್ಮ "ಅಣ್ಣಾ" ಎಂದು ಬಾಯಿ ತೆರೆದು ಅತ್ತುಬಿಟ್ಟಳು. ಅಳುತ್ತಿದ್ದ ಮಂಜುಳಾ ತಲೆಯೆತ್ತಿ ಅವಳ ನಾಲಗೆಯನ್ನೇ ನೋಡಿದಳು.

"ಬಂತಾ ಅಕ್ಕಾ?"

ರತ್ನಮ್ಮ ತಲೆಯಾಡಿಸಿದಳು. ಮಂಜುಳಾ ಬಗ್ಗಿ ತಂದೆಯ ಕಿವಿಯ ಹತ್ತಿರ, "ಅಪ್ಪಾ, ಹಣ್ಣು ಬಂತಂತೆ ಕಣಪ್ಪಾ" ಎಂದಳು. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ನಮ್ಮತ್ತೆ ಆಗ ಬಾಯಿ ತುಂಬ ಅತ್ತರು. ಅವರ ಹಿಂದೆ ನಾವೆಲ್ಲರೂ.