ಆಯಮ್ಮ ದನಿ ಇಳಿಸುತ್ತಿದ್ದ ಬಗೆ

ಹೋದ ತಿಂಗಳು ಸ್ಟುಡಿಯೋ ಗೋಡೆಗೆ ಅಂಟಿಸಿದ್ದ ಮೊಟ್ಟೆ ಟ್ರೇಗಳನ್ನು ಕಿತ್ತು ಹಾಕಿದೆ. ಹದಿನೈದು ವರ್ಷಗಳ ಹಿಂದೆ ಅಂಟಿಸಿದವು. ಗೋಡೆಗೆ ತೇವ ಏರಿ ರಟ್ಟೆಲ್ಲ ಮೆತ್ತಗಾಗಿತ್ತು. ಒಂದನ್ನು ಎಳೆದರೆ ನಾಲ್ಕು ಉದುರುತ್ತಿದ್ದವು. ನೆನೆದ ರಟ್ಟು, ಹಳೆಯ ಗೋಂದು, ಅದರ ಜೊತೆಗೆ ಯಾವತ್ತೋ ಒಡೆದು ಒಣಗಿದ ಮೊಟ್ಟೆಯ ಸಣ್ಣ ವಾಸನೆ... ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರೂ ಮೂಗಿಗೆ ಹೊಡೆಯಿತು. ಏಣಿಯಿಂದ ಇಳಿದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಆ ಟ್ರೇಗಳನ್ನು ಕೊಟ್ಟವರು ಆಯಮ್ಮ.

ನರಸೀಪುರದಲ್ಲಿ ನಾನು ಸ್ಟುಡಿಯೋ ಮಾಡಿದ್ದು ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ. ಕೆಳಗೆ ಅಂಗನವಾಡಿ. ಅಲ್ಲಿ ಒಬ್ಬರು ಟೀಚರ್, ಒಬ್ಬರು ಸಹಾಯಕಿ. ಆ ಸಹಾಯಕಿಯನ್ನು ಮಕ್ಕಳು, ಮಕ್ಕಳ ತಾಯಂದಿರು, ಬೀದಿಯವರು ಎಲ್ಲರೂ ಆಯಮ್ಮ ಅಂತಲೇ ಕರೆಯುತ್ತಿದ್ದರು. ಹದಿನಾರು ಅನ್ನುವ ಊರಿನ ಕಡೆಯವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಕವಲಂದೆಗೆ ಕೊಟ್ಟಿದ್ದರು. ಮಕ್ಕಳಿಗೆ ಕೊಡಲು ಬರುತ್ತಿದ್ದ ಮೊಟ್ಟೆಯ ಖಾಲಿ ಟ್ರೇಗಳನ್ನು ಅವರು ಮೆಟ್ಟಿಲ ಕೆಳಗೆ ಜೋಡಿಸಿಡುತ್ತಿದ್ದರು. ಸದ್ದು ಹೊರಗೆ ಹೋಗದ ಹಾಗೆ ಗೋಡೆಗೆ ಅಂಟಿಸಲು ಬೇಕು ಅಂತ ಕೇಳಿದೆ. ಅವರೇ ಸೆರಗಿನಿಂದ ಒಂದೊಂದನ್ನೂ ಒರೆಸಿ ಮೇಲಕ್ಕೆ ತಂದುಕೊಟ್ಟರು. ಅಂಟಿಸಿ ಮುಗಿಸಿದ ದಿನ ಬಾಗಿಲಲ್ಲಿ ನಿಂತು ನಾಲ್ಕೂ ಗೋಡೆ ನೋಡಿ ನಕ್ಕರು.

"ಏನಪ್ಪ ಇದು, ಒಳ್ಳೆ ಕೋಳಿ ಫಾರಂ ಮಾಡ್ದಂಗದೆ!"

ಟ್ರೇ ಅಂಟಿಸಿದರೂ ಕೆಳಗಿನ ಮಕ್ಕಳ ಗಲಾಟೆ ಮೇಲಕ್ಕೆ ಬರುತ್ತಿತ್ತು. ಮಧ್ಯಾಹ್ನ ಊಟ ಆದಮೇಲಂತೂ ಕೇಳುವುದೇ ಬೇಡ. ತಟ್ಟೆ ಬಡಿಯುವುದು, ಅಳುವುದು, ಒಬ್ಬರ ಕೂದಲು ಒಬ್ಬರು ಎಳೆಯುವುದು. ಆಮೇಲೆ ಆಯಮ್ಮ ಜೋಗುಳ ಶುರುಮಾಡುತ್ತಿದ್ದರು. ದೊಡ್ಡ ಪದವೇನಲ್ಲ, ಅವರೇ ಕಟ್ಟಿಕೊಂಡಿದ್ದ ನಾಲ್ಕಾರು ಸಾಲು. ನಡುನಡುವೆ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಿದ್ದರು. ಮೊದಲ ಸಾಲು ಮಹಡಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಎರಡನೆಯದು ಅದಕ್ಕಿಂತ ಕಮ್ಮಿ. ಮೂರನೆಯದಕ್ಕೆ ನಾನು ಕಿವಿಗೊಡಬೇಕಾಗುತ್ತಿತ್ತು. ಅಷ್ಟು ಹೊತ್ತಿಗೆ ಮಕ್ಕಳ ಸದ್ದೂ ನಿಂತಿರುತ್ತಿತ್ತು. ಸ್ವಲ್ಪ ಹೊತ್ತಿಗೆ ಕಟ್ಟಡದಲ್ಲಿ ಏನೂ ಕೇಳುತ್ತಿರಲಿಲ್ಲ. ನಾನು ರೆಕಾರ್ಡಿಂಗ್ ಇಟ್ಟುಕೊಳ್ಳುತ್ತಿದ್ದದ್ದು ಆ ಹೊತ್ತಿನಲ್ಲೇ.

ಒಮ್ಮೆ ಕೇಳಿದೆ, ಅಷ್ಟೊಂದು ಮಕ್ಕಳನ್ನು ಅದು ಹೇಗೆ ಮಲಗಿಸುತ್ತೀರಿ ಅಂತ.

"ನಾನ್ ಜೋರಾಗಿ ಆಡುದ್ರೆ ಅವೂ ಜೋರಾಯ್ತವೆ ಕಣಪ್ಪ. ನಾನ್ ವಸಿ ವಸಿಯಾಗಿ ಇಳುಸ್ತಾ ಓಗ್ತೀನಿ. ಇವ್ಳೇನ್ ಏಳ್ತಾವ್ಳೆ ಅಂತ ಕೇಳಕೆ ಅವೂ ಸುಮ್ಕಾಯ್ತವೆ. ಸುಮ್ಕಾದ್ ಮ್ಯಾಕೆ ನಿದ್ದೆ ಬರ್ದೆ ಎಲ್ಗೋದದು?"

ಅವರ ಪದವನ್ನು ರೆಕಾರ್ಡ್ ಮಾಡಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ. ಅದೊಂದು ಒಳ್ಳೆಯ ಯೋಚನೆಯಾಗಿತ್ತು ಅಂತ ಈಗಲೂ ಅಂದುಕೊಳ್ಳುತ್ತೇನೆ. ಆಮೇಲೆ ಮಾಡಿದ್ದು ಕೆಟ್ಟದ್ದು.

ಒಂದು ಭಾನುವಾರ ಬೆಳಗ್ಗೆ ಬಂದರು. ಮೈಕಿನ ಮುಂದೆ ಕುರ್ಚಿ ಹಾಕಿದರೆ ಕೂರಲಿಲ್ಲ, ಚಾಪೆ ಹಾಸಿಸಿಕೊಂಡರು. ಕೂತ ಮೇಲೂ ಹಾಡಲಿಲ್ಲ. "ಮಗೀನೇ ಇಲ್ದೆ ಯಾರ್ಗಪ್ಪ ಆಡ್ಲಿ?" ಅಂದರು. ನಾನು ಮನೆಗೆ ಓಡಿ ಎರಡು ವರ್ಷದ ನನ್ನ ಮಗಳನ್ನು ಎತ್ತಿಕೊಂಡು ಬಂದೆ. ಅವಳು ಮೊದಲು ಮೈಕಿನ ತಂತಿಗೆ ಕೈಹಾಕಿದಳು, ಅತ್ತಳು, ಆಮೇಲೆ ಅವರ ತೊಡೆಯ ಮೇಲೆ ಒರಗಿದಳು. ಆಯಮ್ಮ ಅವಳ ಹೆಸರು ಸೇರಿಸಿ ಹಾಡಿದರು. ನಾನು ಹೆಡ್‌ಫೋನ್ ಹಾಕಿಕೊಂಡು ಗಾಜಿನ ಈಚೆ ಕೂತಿದ್ದೆ.

ಮಹಡಿಯಿಂದ ನನಗೆ ಅಷ್ಟು ದಿನ ಕೇಳಿಸದೇ ಇದ್ದ ಕೊನೆಯ ಸಾಲು ಅವತ್ತು ಕೇಳಿಸಿತು. ಹಾಡೂ ಅಲ್ಲ, ಮಾತೂ ಅಲ್ಲ... ಕಿವಿಯ ಹತ್ತಿರ ಯಾರೋ ಉಸಿರಿನಲ್ಲೇ ಹೇಳಿದ ಹಾಗಿತ್ತು. ಅದಾದ ಮೇಲೆ ನನ್ನ ಮಗಳು ಉಸಿರಾಡುವುದು ಮಾತ್ರ. ನಾನು ಎಷ್ಟೋ ಹೊತ್ತು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಹಾಡನ್ನು ಮೈಸೂರಿನ ಒಂದು ಸಣ್ಣ ಆಡಿಯೋ ಕಂಪನಿಗೆ ಕಳಿಸಿದೆ. ಅಲ್ಲಿದ್ದವನು ಮಾರನೆಯ ದಿನವೇ ಫೋನ್ ಮಾಡಿದ. "ವಾಯ್ಸ್ ಚೆನ್ನಾಗಿದೆ ಸರ್. ಆದ್ರೆ ಲೆವೆಲ್ಲೇ ಇಲ್ವಲ್ಲ. ಬೇರೆ ಹಾಡು ಮುಗಿದ್ಮೇಲೆ ಇದು ಬಂದ್ರೆ ಫೋನೇ ಕೆಟ್ಟೋಯ್ತು ಅಂದ್ಕೋತಾರೆ ಜನ. ಎತ್ತಿಕೊಡಿ."

ಎತ್ತುವುದು ನನಗೆ ಗೊತ್ತಿತ್ತು. ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದೆವು. ಪಕ್ಕದವನ ಹಾಡಿಗಿಂತ ನಮ್ಮದು ಒಂದು ಕೂದಲೆಳೆಯಷ್ಟಾದರೂ ಜೋರಾಗಿರಬೇಕು ಅನ್ನುವ ಹಟ. ಲಿಮಿಟರ್ ಅಂತ ಒಂದಿದೆ. ದನಿ ಒಂದು ಗೆರೆಯನ್ನು ದಾಟದ ಹಾಗೆ ತಡೆಯುವುದು ಅದರ ಕೆಲಸ. ಮೇಲೆ ತಡೆ ಹಾಕಿದ ಮೇಲೆ ಕೆಳಗಿರುವುದನ್ನೆಲ್ಲ ಆ ಗೆರೆಯವರೆಗೂ ಏರಿಸಬಹುದು. ಕೂಗಿದ್ದು, ಪಿಸುಗುಟ್ಟಿದ್ದು ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಆಯಮ್ಮನ ಹಾಡು ಕಂಪ್ಯೂಟರಿನ ಪರದೆಯ ಮೇಲೆ ಎಡಗಡೆ ಅಗಲವಾಗಿ ಶುರುವಾಗಿ ಬಲಕ್ಕೆ ಹೋಗುತ್ತ ಹೋಗುತ್ತ ನೂಲಿನಷ್ಟಾಗುತ್ತಿತ್ತು. ನಾನು ಕೆಲಸ ಮುಗಿಸಿದ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪದ ಪಟ್ಟಿಯಾಯಿತು. ಕೆಳಗೆ ಡೋಲಕ್ ಸೇರಿಸಿದೆ. ಕೊನೆಯ ಸಾಲನ್ನು ಎತ್ತಿದಾಗ ಅದರ ಜೊತೆಗೆ ಚಾಪೆಯ ಸರಪರ, ಮಗುವಿನ ಉಸಿರು ಎಲ್ಲವೂ ಗರಗಸದ ಹಾಗೆ ಎದ್ದು ಬಂದವು. ಸರಿಮಾಡಲು ನೋಡಿದೆ, ಆಗಲಿಲ್ಲ. ಆ ಸಾಲನ್ನೇ ಕತ್ತರಿಸಿ ಹಾಕಿದೆ.

ಆಯಮ್ಮನನ್ನು ಕರೆದು ಕೇಳಿಸಿದೆ. ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದರು.

"ಚೆನ್ನಾಗದೆ... ಆದ್ರೆ ಕೊನೆಕೊನೇಲಿ ನಾನು ಮಲಗಿರೋ ಮಗೀನ ಎಬ್ಬುಸ್ತಾ ಇದ್ದೀನಲ್ಲಪ್ಪ."

"ಈಗೆಲ್ಲ ಹಿಂಗೇ ಆಯಮ್ಮ. ಬಸ್ಸಲ್ಲಿ ಹಾಕಿದ್ರೂ ಕೇಳಿಸ್ಬೇಕು."

"ಬಸ್ಸಲ್ಲಿ ಯಾರಪ್ಪ ಜೋಗುಳ ಕೇಳೋರು?" ಅಂತ ನಕ್ಕರು. ನಾನೂ ನಕ್ಕೆ. ಅವರು ಕೆಳಗೆ ಹೋದರು. ಮಕ್ಕಳಿಗೆ ಕೈ ತೊಳೆಸುವ ಹೊತ್ತಾಗಿತ್ತು.

ಹಾಡು ಓಡಿತು. ರಿಂಗ್‌ಟೋನ್ ಆಯಿತು, ಮಕ್ಕಳ ಫೋಟೋ ಹಾಕಿ ಮಾಡುವ ವಿಡಿಯೋಗಳಿಗೆಲ್ಲ ಅದೇ ಹಾಡು. ನನ್ನ ಸ್ಟುಡಿಯೋಗೂ ಜನ ಬರತೊಡಗಿದರು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಳೆಯ ಫೈಲುಗಳನ್ನು ಅಳಿಸಿದೆ. ಆ ಭಾನುವಾರದ ಮೂಲ ರೆಕಾರ್ಡಿಂಗ್ ಕೂಡ ಅದರಲ್ಲಿತ್ತು. ಅಳಿಸುವಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಫೈನಲ್ ಇದೆಯಲ್ಲ, ಇನ್ನು ಇದು ಯಾಕೆ ಅಂದುಕೊಂಡೆ.

ನಂಜನಗೂಡಿನಲ್ಲಿ ಹೆಂಗಸರ ಸಂಘಗಳು ಸೇರಿ ಒಂದು ಕಾರ್ಯಕ್ರಮ ಮಾಡಿದವು. ಆಯಮ್ಮನಿಗೆ ಸನ್ಮಾನ, ಆಮೇಲೆ ಅವರಿಂದ ಹಾಡು. ಕವಲಂದೆಯಿಂದ ಅವರ ಮಗಳೂ ಬಂದಿದ್ದಳು. ಸೌಂಡಿನ ಕೆಲಸ ನನ್ನದೇ. ಸಮುದಾಯ ಭವನ ತುಂಬಿತ್ತು, ತಗಡಿನ ಮಾಡು, ಫ್ಯಾನುಗಳ ಸದ್ದು, ಮಕ್ಕಳ ಕಿರುಚಾಟ. ಆಯಮ್ಮ ಹಸಿರು ಸೀರೆ ಉಟ್ಟು, ಹೆಗಲ ಮೇಲಿನ ಶಾಲು ಜಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮೈಕ್ ಹಿಡಿದರು. ಮೊದಲ ಸಾಲು ಹಾಡಿದರು. ಜನ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿಗೆ ದನಿ ಇಳಿಸಿದರು. ಮೂರನೆಯದಕ್ಕೆ ಇನ್ನೂ ಇಳಿಸಿದರು.

ನಾನು ಕಣ್ಣಾರೆ ನೋಡಿದೆ. ಮುಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸಿ ಮುಂದಕ್ಕೆ ಬಾಗಿದ್ದರು. ಒಬ್ಬಳು ಪಕ್ಕದವಳ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಮೌನ ಹಿಂದಿನ ಸಾಲುಗಳ ಕಡೆಗೆ ಹರಡುತ್ತಿತ್ತು. ಅಂಗನವಾಡಿಯಲ್ಲಿ ದಿನಾ ನಡೆಯುತ್ತಿದ್ದದ್ದು ಅಲ್ಲೂ ನಡೆಯುತ್ತಿತ್ತು. ಇನ್ನೊಂದು ನಿಮಿಷ ಬೇಕಿತ್ತು, ಅಷ್ಟೇ.

ಅಷ್ಟರಲ್ಲಿ ಸಂಘಟಕರಲ್ಲಿ ಒಬ್ಬರು ನನ್ನ ಹತ್ತಿರ ಬಗ್ಗಿ, "ಏನೂ ಕೇಳುಸ್ತಿಲ್ಲ ಕಣ್ರೀ, ಹಿಂದಿನೋರು ಎದ್ದು ಓಯ್ತಾವ್ರೆ. ಹಾಡು ಇಟ್ಕಂಡಿದ್ದೀರಲ್ಲ, ಅದನ್ನೇ ಹಾಕಿ" ಅಂದರು. ನಾನು ಆಯಮ್ಮನ ಮೈಕಿನ ದನಿಯನ್ನು ಪೂರ್ತಿ ಇಳಿಸಿ ಟ್ರ್ಯಾಕ್ ಹಾಕಿದೆ.

ಎರಡೂ ಬದಿಯ ಬಾಕ್ಸುಗಳಿಂದ ಡೋಲಕ್ಕಿನ ಸಮೇತ ಅವರದೇ ದನಿ ಅಪ್ಪಳಿಸಿತು. ಆಯಮ್ಮ ಬೆಚ್ಚಿ ಹಾಡುವುದನ್ನು ನಿಲ್ಲಿಸಿದರು. ಹಾಡು ನಿಲ್ಲಲಿಲ್ಲ. ಬಾಯಿ ಮುಚ್ಚಿ, ಮೈಕ್ ಹಿಡಿದುಕೊಂಡು ನಿಂತಿದ್ದರು, ಅವರ ಹಾಡು ಭವನದ ತುಂಬ ಮೊಳಗುತ್ತಿತ್ತು. ಹಿಂದೆ ಯಾರೋ ನಕ್ಕರು. "ಅಯ್ಯೋ, ಬಾಯೇ ಆಡುಸ್ತಿಲ್ಲ! ಇವ್ರಲ್ಲ ಕಣೇ ಆಡಿರೋರು" ಅಂದಳು ಒಬ್ಬಳು. ನಾನು ತಲೆ ಎತ್ತಲಿಲ್ಲ. ಹಾಡು ಮುಗಿಯುವವರೆಗೂ ಮಿಕ್ಸರಿನ ಗುಂಡಿಗಳನ್ನೇ ನೋಡುತ್ತಿದ್ದೆ.

ಬರುವಾಗ ನನ್ನ ವ್ಯಾನಿನಲ್ಲಿ ಬಂದಿದ್ದ ಆಯಮ್ಮ ವಾಪಸು ಬಸ್ಸಿನಲ್ಲಿ ಹೋದರು. ಮಗಳ ಜೊತೆ ಹೋಗ್ತೀನಿ ಅಂದರು.

ಕೋಪ ಮಾಡಿಕೊಂಡು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ "ಊಟ ಆಯ್ತಾ ಮಗ" ಅಂತ ಕೇಳುತ್ತಲೇ ಇದ್ದರು. ಆದರೆ ಮಧ್ಯಾಹ್ನ ಹಾಡುವುದನ್ನು ನಿಲ್ಲಿಸಿಬಿಟ್ಟರು. ಗಂಟಲು ಸರಿಯಿಲ್ಲ ಅಂತ ಟೀಚರಿಗೆ ಹೇಳಿದರಂತೆ. ಟೀಚರ್ ಮೊಬೈಲಿನಲ್ಲಿ ಅದೇ ಹಾಡು ಹಾಕತೊಡಗಿದರು. ನನ್ನ ಡೋಲಕ್ ಕೇಳಿದ್ದೇ ತಡ, ಮಕ್ಕಳು ಎದ್ದು ಕುಣಿಯುತ್ತಿದ್ದವು. ದಿನಾ ಮಧ್ಯಾಹ್ನ ನಾನು ಮಾಡಿದ್ದು ನೆಲದಡಿಯಿಂದ ನನಗೇ ಕೇಳುತ್ತಿತ್ತು. ಇವತ್ತು ಇಳಿದು ಹೋಗಿ ತಪ್ಪಾಯಿತು ಅನ್ನಬೇಕು, ನಾಳೆ ಅನ್ನಬೇಕು... ಅವರು ಕೆಲಸದಿಂದ ಬಿಡುಗಡೆಯಾಗಿ ಕವಲಂದೆಗೆ ಹೊರಟ ದಿನ ಟ್ರಂಕನ್ನು ನಾನೇ ಆಟೋಗೆ ಎತ್ತಿಟ್ಟೆ. ಆಗಲೂ ಅನ್ನಲಿಲ್ಲ.

ಎರಡು ವರ್ಷದ ಹಿಂದೆ ಆಯಮ್ಮ ತೀರಿಕೊಂಡರು. ತಿಥಿಯೆಲ್ಲ ಮುಗಿದ ಮೇಲೆ ಅವರ ಮಗಳು ಫೋನ್ ಮಾಡಿದಳು. "ಅಣ್ಣ, ಅವ್ವ ನಿಮ್ಮ ಸ್ಟುಡಿಯೋದಲ್ಲಿ ಸುಮ್ಕೆ ಆಡಿದ್ದು ನಿಮ್ಮತ್ರ ಅದಾ? ಡೋಲಕ್ ಇಲ್ದಲೆ?" ಹುಡುಕ್ತೀನಿ ಅಂದೆ. ಹುಡುಕಿದರೆ ಸಿಗುವುದಿಲ್ಲ ಅಂತ ಗೊತ್ತಿದ್ದೇ ಅಂದೆ. ಆಮೇಲೆ ಅವಳು ಫೋನ್ ಮಾಡಿದಾಗಲೆಲ್ಲ ಹುಡುಕ್ತಾ ಇದ್ದೀನಿ ಅನ್ನುತ್ತಿದ್ದೆ.

ಟ್ರೇಗಳನ್ನು ಕಿತ್ತ ವಾರವೇ ಕೂತು ಆ ಹಾಡನ್ನು ತೆಗೆದುಕೊಂಡು ಆದಷ್ಟು ರಿಪೇರಿ ಮಾಡಲು ನೋಡಿದೆ. ಈಗಿನ ಸಾಫ್ಟ್‌ವೇರಿನಲ್ಲಿ ಡೋಲಕ್ಕನ್ನು ಬಹುಮಟ್ಟಿಗೆ ತೆಗೆಯಲು ಆಯಿತು. ದನಿಯನ್ನು ಸಾಲುಸಾಲಾಗಿ ನಾನೇ ಇಳಿಸಿದೆ. ಅದನ್ನು ಫೋನಿಗೆ ಹಾಕಿಕೊಂಡು ಕವಲಂದೆಗೆ ಹೋದೆ. ಆಯಮ್ಮನ ಮಗಳ ತೊಡೆಯ ಮೇಲೆ ಅವಳ ಮೊಮ್ಮಗು ಇತ್ತು. ಕೇಳಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ದೂರದಲ್ಲೆಲ್ಲೋ ನಿಂತ್ಕಂಡು ಕೂಗ್ದಂಗದೆ ಕಣಣ್ಣ" ಅಂದಳು ಕೊನೆಗೆ. "ನಮ್ಮವ್ವ ಪಕ್ಕದಲ್ಲೇ ಇರ್ತಿದ್ರು."

ಆಗ ಹೇಳಿದೆ. ಮೂಲವನ್ನು ಅಳಿಸಿದ್ದು, ನಂಜನಗೂಡಿನಲ್ಲಿ ಮೈಕ್ ಇಳಿಸಿದ್ದು ನಾನೇ ಅನ್ನುವುದು, ಎಲ್ಲ. ಅವಳು ಮಗುವಿನ ಬೆನ್ನು ತಟ್ಟುತ್ತಲೇ ಇದ್ದಳು.

"ಅವ್ವಂಗೆ ಗೊತ್ತಿತ್ತು. ಸ್ಟೇಜ್ ಮೇಲಿಂದ ನಿಮ್ ಕೈನೇ ನೋಡ್ತಿದ್ರಂತೆ. ಅವತ್ತು ಬಸ್ಸಲ್ಲಿ ಒಂದೇ ಮಾತಂದ್ರು. 'ಒಂದ್ ನಿಮ್ಸ ತಡೀಬೋದಿತ್ತು ಅವನು' ಅಂತ."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಅವಳೇ, "ಪದ ನಂಗೂ ಬತ್ತದೆ ಅಣ್ಣ. ಈ ಕೂಸಿಗೂ ಆಡ್ತೀನಿ. ಆದ್ರೆ ಕೊನೆ ಸಾಲು ಗೊತ್ತಿಲ್ಲ. ಅಲ್ಲಿಗ್ ಬರೋ ಹೊತ್ಗೆ ನಾನು ಯಾವಾಗ್ಲೂ ಮಲಗ್ಬುಟ್ಟಿರ್ತಿದ್ದೆ" ಅಂದಳು.

ಆಗ ಹೊಳೆಯಿತು. ಆಯಮ್ಮ ಮಲಗಿಸಿದ ಅಷ್ಟೂ ಮಕ್ಕಳಲ್ಲಿ ಒಬ್ಬರೂ ಆ ಸಾಲನ್ನು ಕೇಳಿಲ್ಲ. ಎಚ್ಚರವಾಗಿದ್ದು ಕೇಳಿದವನು ನಾನೊಬ್ಬನೇ. ಅದನ್ನು ಕತ್ತರಿಸಿದವನೂ ನಾನೇ.

"ನಿಮಗೆ ಗೊತ್ತಲ್ವಾ, ಏಳ್ಕೊಡಿ ಅಣ್ಣ" ಅಂದಳು. ಸಾಲಿನ ಮಾತುಗಳು ನೆನಪಿದ್ದವು. ಮಗುವಿನ ಕಡೆ ಬಗ್ಗಿ, ನನಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದೆ. ದನಿ ಒಡೆಯಿತು. ಮಗು ಕಣ್ಣು ಬಿಟ್ಟು ನನ್ನನ್ನೇ ನೋಡಿತು.

"ಇಂಗೇ ಆಡ್ತಿದ್ರಾ ಅವ್ವ?" ಅಂತ ಕೇಳಿದಳು.

"ಇಲ್ಲಮ್ಮ" ಅಂದೆ. "ಹಿಂಗಲ್ಲ."